ಬೀಟೆಗೆ ಬದಲು

ರಸಮಟ್ಟದ ಗುಳ್ಳೆ ನಡುಗೆರೆಗೆ ಬಂದು ನಿಂತಿತು.
ಅಮ್ಮತ್ತಿಯ ಚೋಂದಮ್ಮ ಬೆರಳ ಗೆಣ್ಣಿನಿಂದ
ಪಿವಿಸಿ ಚೌಕಟ್ಟು ತಟ್ಟಿದರು,
ಹಲಸು ತಟ್ಟಿ ನೋಡುವ ಹಾಗೆ.
‘ದನಿಯೇ ಇಲ್ಲವಲ್ಲ ಆಚಾರಿ, ಇದಕ್ಕೆ?’

ನಿಜ. ಉಳಿಗೆ ಕೆಲಸವಿಲ್ಲ. ಹೊಟ್ಟು ಉದುರುವುದಿಲ್ಲ.
ಸಂಜೆ ಅಂಗಿಗೆ ಮರದ ವಾಸನೆಯಿಲ್ಲ.
ಮೂಲೆ ಕೂಡಿಸಿದ್ದು ಮೊಳೆಯಲ್ಲ, ಕಾವು.
ಯಾರದೋ ಮನೆಯ ಹಳೆ ಕಿಟಕಿ ಕರಗಿ
ಇದರ ಒಳಪದರವಾಗಿದೆಯಂತೆ;
ಕೇಳಿದ್ದನ್ನು ಹೇಳಿದೆ, ಕಂಡದ್ದಲ್ಲ.

‘ಇದು ಸತ್ತರೆ?’
ತಿರುಗಿ ಒಯ್ಯುತ್ತಾರೆ, ಚೀಟಿಯಲ್ಲಿದೆ.
‘ಕಿಟಕಿ ಬಿಟ್ಟ ಗೆದ್ದಲು ಚೀಟಿ ತಿನ್ನುತ್ತದೆ’ ಅಂದರು.

ಕಿವಿಯ ಮೇಲಿನ ಪೆನ್ಸಿಲು ಬಿಳಿಯಲ್ಲಿ ಜಾರಿತು.
ಕೊನೆಗೆ ಉಳಿಯನ್ನೇ ತೆಗೆದೆ,
ಮಳೆನೀರು ಇಳಿಯುವ ತೂತಿನ ಪಕ್ಕ
ಕಂಪನಿಯ ನಂಬರು ಗೀರಿದೆ,
ಒಂದೊಂದೇ ಅಂಕಿ.

ಹೊರಗೆ ಬಾಣೆಯ ಬೀಟೆ.
ಹೋದ ವರ್ಷ ಕಣ್ಣಲ್ಲೇ ಅಳೆದಿದ್ದೆ:
ಎರಡು ಬಾಗಿಲು, ಐದು ಕಿಟಕಿ,
ಮಿಕ್ಕಿದ್ದಕ್ಕೆ ಒಂದು ಮಣೆ.
‘ಮರ ಸರ್ಕಾರದ್ದು, ನೆರಳು ನಮ್ಮದು’
ಎಂದು ಆಗ ನಕ್ಕಿದ್ದರು.

ಆ ನೆರಳೀಗ ಗಾಜು ದಾಟಿ
ನನ್ನ ಹತಾರದ ಪೆಟ್ಟಿಗೆಯ ಮೇಲೆ.
ಕಣ್ಣು ಇನ್ನೂ ಅಳೆಯುತ್ತದೆ.
ಅಭ್ಯಾಸ.
ಅಳೆಯಲಿ.