ನಿಲ್ಲುವ ಮದ್ದು

ಡೇರಿ ಸರ್ಕಲ್ಲಿನ ಫ್ಲೈಓವರ್ ಇಳಿಯುವಲ್ಲಿ
ಬಿದ್ದವನನ್ನು ಎತ್ತಿದವರು ಹೇಳಿದ್ದು ಇಷ್ಟೇ:
ಹೆಲ್ಮೆಟ್ಟು ಪೆಟ್ರೋಲ್ ಟ್ಯಾಂಕಿನ ಮೇಲಿತ್ತಂತೆ.

ಎಂಟು ಗಂಟೆಯೊಳಗೆ ಶುರುವಾಗಬೇಕು ಎಂದಳು
ಫೈಲು ಹಿಡಿದು ಬಂದ ಹುಡುಗಿ. ಹೆಸರು ಶೆರ್ಲಿ,
ಕಣ್ಣ ಕೆಳಗೆ ನನ್ನಷ್ಟೇ ಕಪ್ಪು.
ಹೊಸ ಮದ್ದಿನ ಪರೀಕ್ಷೆಯಂತೆ, ಮೆದುಳಿನ ಬಾವು ಇಳಿಸಬಹುದು,
ಇಳಿಸದೆಯೂ ಇರಬಹುದು.
ಹನ್ನೊಂದು ಪುಟ, ಅಚ್ಚುಕಟ್ಟಾದ ಕನ್ನಡ,
ಒಂದು ಸಾಲೂ ತಲೆಗೆ ಹೋಗಲಿಲ್ಲ.
'ಯಾದೃಚ್ಛಿಕ' ಅಂದರೇನಮ್ಮ?
ಅವಳು ಇಲ್ಲದ ನಾಣ್ಯವನ್ನು
ಹೆಬ್ಬೆರಳಿನಿಂದ ಮೇಲಕ್ಕೆ ಚಿಮ್ಮಿದಳು.

ಮದ್ದಿನ ಹೆಸರು ಕೇಳಿದೆ. ಹೇಳಿದಳು.
ನಗು ಬಂತು ನನಗೆ, ಐಸಿಯು ಬಾಗಿಲಲ್ಲಿ,
ಒಂದು ಕಾಲಿಗೆ ಮಾತ್ರ ಚಪ್ಪಲಿ.
ಪ್ರೊಜೆಸ್ಟರಾನ್.
ನನಗೆ ಗೊತ್ತು ತಾಯಿ ಅದು. ಮೂರು ಸಲ ಗೊತ್ತು.
ವಾಣಿವಿಲಾಸದ ಕ್ಯೂನಲ್ಲಿ ನಿಂತು ಸೊಂಟಕ್ಕೆ ಚುಚ್ಚಿಸಿಕೊಂಡದ್ದು,
ಎಣ್ಣೆಯಂಥದ್ದು, ಕೂತರೆ ಉರಿ, ಎದ್ದರೆ ಉರಿ,
ರಾತ್ರಿ ಅಶ್ವತ್ಥ ಬಿಸಿನೀರಲ್ಲಿ ಬಟ್ಟೆ ಅದ್ದಿ, ಹಿಂಡಿ,
ಗಂಟು ಕಟ್ಟಿದ ಜಾಗಕ್ಕೆ ಒತ್ತುತ್ತಿದ್ದ.
ಬಸಿರು ನಿಲ್ಲುವ ಮದ್ದು ಅಂತಿದ್ದರು ನಮ್ಮ ಮನೇಲಿ.
ಎರಡು ನಿಲ್ಲಲಿಲ್ಲ.
ಮೂರನೆಯದು ನಿಂತಿತು. ಅಂದರೆ,
ಐದನೇ ತಿಂಗಳಲ್ಲಿ ಅಲ್ಲಾಡುವುದು ನಿಂತಿತು.
ನಮ್ಮ ಭಾಷೆಯಲ್ಲಿ ಈ ಒಂದೇ ಮಾತಿಗೆ
ಉಳಿಯುವುದೂ ಅರ್ಥ, ಮುಗಿಯುವುದೂ ಅರ್ಥ.

ಅದು ಇವನಿಗಾ, ಗಂಡಸಿಗಾ, ಎಂದೆ.
ಒಳಗಿನ ಮಗುವನ್ನು ಕಾಯುವುದು
ತಲೆಯನ್ನೂ ಕಾಯುತ್ತದೇನೋ ಅಂತ… ಎಂದಳು.
ಆ 'ಏನೋ' ಹಿಡಿಸಿತು ನನಗೆ.
ಸುಳ್ಳು ಹೇಳುವವರು ಹಾಗನ್ನುವುದಿಲ್ಲ.
ಸಹಿ ಹಾಕಿದೆ. ಸಾಕ್ಷಿಗೆ ಅತ್ತೆಯ ಹೆಬ್ಬೆಟ್ಟು.

ಜೆ.ಸಿ. ರೋಡಿನಲ್ಲಿ ನಂಬರ್ ಪ್ಲೇಟು ಬರೆಯುವವನು,
ಸ್ಟಿಕ್ಕರು ಬಂದ ಮೇಲೂ ಬ್ರಷ್ಷು ಬಿಡದವನು,
ಕನ್ನಡದ ಒಂಬತ್ತಕ್ಕೆ ಬಾಲ ಎಳೆಯುವುದರಲ್ಲಿ
ಇಡೀ ಬೀದಿಯಲ್ಲಿ ಹೆಸರು ಮಾಡಿದವನು,
ಈಗ ತಾನೇ ಒಂದು ನಂಬರು:
ಬಾಟಲಿಯ ಮೇಲೆ ನಾಲ್ಕು ಅಂಕಿ.
ಮದ್ದಿದ್ದ ಬಾಟಲಿಯೂ ಬಿಳಿ, ಮದ್ದಿಲ್ಲದ್ದೂ ಬಿಳಿ,
ಡೇರಿಯ ಪಕ್ಕವಲ್ಲವೇ, ಎಲ್ಲ ಹಾಲಿನ ಹಾಗೇ.
ಡಾಕ್ಟರಿಗೂ ಗೊತ್ತಿಲ್ಲ, ನರ್ಸಿಗೂ ಗೊತ್ತಿಲ್ಲ.
ಗೊತ್ತಿರುವುದು ಎಲ್ಲೋ ಒಂದು ಕಂಪ್ಯೂಟರಿಗೆ,
ಅದಕ್ಕೆ ಅಶ್ವತ್ಥ ಗೊತ್ತಿಲ್ಲ.

ಐದು ದಿನ ಹನಿಯಿತು.
ಗಾಜಿನಾಚೆಯಿಂದ ದುರುಗುಟ್ಟಿ ನೋಡಿದೆ ಬಾಟಲಿಯನ್ನು,
ಬಸ್ಸಿನಲ್ಲಿ ಹಳೇ ಪರಿಚಯದವಳಂತೆ ಕಂಡವಳನ್ನು
ಅವಳೋ ಅಲ್ಲವೋ ಎಂದು ನೋಡುವ ಹಾಗೆ.
ನೀನೇ ಆಗಿದ್ದರೆ ಕೇಳು,
ನನಗೆ ಮೂರು ಬಾಕಿ ಕೊಡಬೇಕು ನೀನು.

ಹತ್ತೊಂಬತ್ತನೇ ದಿನ ಕಣ್ಣು ಬಿಟ್ಟ.
ನಾನು ಯಾರು ಹೇಳು ಎಂದರೆ
'ಕೆ ಎ ಜೀರೋ ಫೈವ್' ಎಂದ.
ಅತ್ತೆ ಅತ್ತರು. ಶೆರ್ಲಿ ಬರೆದುಕೊಂಡಳು.

ಆರು ತಿಂಗಳಿಗೆ ಫೋನು ಬಂತು, ಪ್ರಶ್ನೆಗಳ ಪಟ್ಟಿ.
ತಾವೇ ಊಟ ಮಾಡ್ತಾರಾ? ಹೂಂ.
ಒಬ್ಬರೇ ಅಂಗಡಿಗೆ ಹೋಗ್ತಾರಾ? ಹೋಗ್ತಾರೆ,
ವಾಪಸು ಬರುವುದು ಪಕ್ಕದ ಮನೆ ಸಾದಿಕ್ ಜೊತೆ.
ಮೊದಲಿನ ಹಾಗೇ ಇದ್ದಾರಾ?
ಇದಕ್ಕೆ ಹೂಂ, ಊಹೂಂ ಎರಡೇ ಖಾನೆ ಇದ್ದವಂತೆ.
ಬಟ್ಟೆ ಒಣಗಿಸಬೇಕು ಎಂದು ಇಟ್ಟುಬಿಟ್ಟೆ.

ಇವತ್ತು ಮತ್ತೆ ಶೆರ್ಲಿ. ಪರೀಕ್ಷೆ ಮುಗಿಯಿತಂತೆ.
ಕೊಟ್ಟವರಿಗೂ ಕೊಡದವರಿಗೂ ವ್ಯತ್ಯಾಸ ಕಾಣಲಿಲ್ಲವಂತೆ.
ಅವಳ ದನಿ ಒಣಗಿತ್ತು, ತಾನೇ ಏನೋ ಕಳೆದುಕೊಂಡವಳ ಹಾಗೆ.
ಅಷ್ಟು ಜನ, ಅಕ್ಕ, ಎಂದಳು. ಅಷ್ಟು ಬಾಟಲಿ.
ನಿಮ್ಮವರಿಗೆ ಯಾವುದು ಅಂತ ಈಗ ಹೇಳಬಹುದು,
ಬೇಕಾ?

ಅಡುಗೆಮನೆಯ ಗೋಡೆಯೆದುರು ಅಶ್ವತ್ಥ,
ಎಡಗೈಯಲ್ಲಿ ಇದ್ದಿಲು.
ಮೂರು ಒಂಬತ್ತು ಬರೆದು ಒರೆಸಿದ್ದಾನೆ,
ನಾಲ್ಕನೆಯದರ ಸುತ್ತು ಬಂದಿದೆ, ದುಂಡಗೆ,
ಬಾಲ ಎಳೆಯುವಲ್ಲಿಗೆ ಬಂದು
ಕೈ ನಿಂತಿದೆ.

ಲೈನಲ್ಲಿರು ಶೆರ್ಲಿ, ಎಂದೆ,
ಒಂದು ನಿಮಿಷ.