ನಲವತ್ತೊಂದನೇ ನಿಮಿಷ

ನಾಲ್ಕನೇ ಜ್ವರ ಬಿಟ್ಟೆದ್ದ ಹುಳ
ಊಟಕ್ಕೆ ಕೂತರೆ ಮಳೆ ಹಿಡಿದ ಹಾಗೆ.
ಮೋಡವಿಲ್ಲದ ಮಳೆ, ಯಾರನ್ನೂ ನೆನೆಸದ್ದು.
ಸ್ಟ್ಯಾಂಡಿನ ಕಂಬಕ್ಕೆ ಫೋನು ಕಟ್ಟಿ
ಮೂರು ಗಂಟೆ ಬಿಟ್ಟೆ ಒಂದು ರಾತ್ರಿ,
ಸುಮ್ಮನೆ, ಏನಾಗುತ್ತೆ ನೋಡೋಣ ಅಂತ.

ನಿದ್ದೆ ಬಾರದವರು ಬಂದರು.
ಎಲ್ಲಿಯವರೋ, ಮುಖ ಕಾಣುವುದಿಲ್ಲ,
ಲೆಕ್ಕ ಮಾತ್ರ: ಹತ್ತೂವರೆಗೆ ಏರಿ
ಬೆಳಗಿನ ಜಾವಕ್ಕೆ ಇಳಿಯುವ ಒಂದು ಗೀಟು.
ಉರಿಯುವ ಫೋನು ಆ ಲೆಕ್ಕಕ್ಕೆ ಸಿಗುತ್ತೆ,
ಮುಚ್ಚಿದ ಕಣ್ಣು ಸಿಗುವುದಿಲ್ಲ.

ಜಾಹೀರಾತು ಎಲ್ಲಿಡಲಿ, ಅಂತ ಕೇಳಿತು.
ಉದ್ದಕ್ಕೆ ಮಲಗಿದ ಬೂದು ಪಟ್ಟಿ.
ನೀನೇ ಇಡು, ಇಲ್ಲಾ ನನಗೆ ಬಿಡು.
ಬಿಟ್ಟೆ.
ಹದಿನೆಂಟು ಹಳದಿ ಚುಕ್ಕೆ ಇಟ್ಟಿತು,
ಹುಳದ ಮೈಮೇಲೆ ಊಜಿ ನೊಣ
ಮೊಟ್ಟೆ ಇಟ್ಟುಹೋದ ಹಾಗೆ.

ಮೊದಲು ಬೆಚ್ಚಿದವಳು ನಮ್ಮತ್ತೆ ಅಕ್ಕಯಮ್ಮ.
ಮೊಮ್ಮಗಳ ಪಕ್ಕ ಕೇಳುತ್ತಾ ಮಲಗಿದ್ದವಳು
ದಡಕ್ಕನೆ ಎದ್ದು ಕೂಗಿದಳು:
"ನಮ್ಮ ಹುಳುಮನೇಲಿ ಸೊಳ್ಳೆಬತ್ತಿ ಹಚ್ಚಿದೋರು ಯಾರೇ?"
ಊದುಬತ್ತಿ ಹೊಗೆಯೂ ತಡೆಯದ ಜೀವ ಅವು.
ಸೆಂಟು ಬಳಿದು ಬಂದ ಬೀಗರನ್ನು
ಬಾಗಿಲಲ್ಲೇ ನಿಲ್ಲಿಸಿದ ಕೈ ಅವಳದು.
ಫೋನೊಳಗಿನ ಹೊಗೆ ಫೋನೊಳಗೇ ಇರುತ್ತೆ ಅತ್ತೆ, ಅಂದೆ.
ನಂಬಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು
ಒಳಗೆ ಹೋಗಿ, ಟಾರ್ಚು ಹಾಕಿ,
ಒಂದೊಂದು ಅಂಕಣವನ್ನೂ ಮೂಸಿ ಬಂದಳು.

ಆಮೇಲೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ.
ನಮ್ಮ ಲಾಟು ಹಿಡಿದ ರೀಲರು ಇನಾಯತ್ ಪಾಷಾ
ಗೂಡೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾ:
"ನಿಮ್ದೇನಮ್ಮಾ ಆ ವಿಡಿಯೋ? ನಮ್ಮನೇಲಿ ದಿನಾ ಅದೇ.
ಬಿಸಿನೀರಲ್ಲಿ ಎಳೆ ಹುಡುಕಿ ಹುಡುಕಿ
ಬೆರಳೆಲ್ಲ ಬೆಂದಿರುತ್ತೆ, ಅವಳಿಗೆ ನಿದ್ದೆ ಹತ್ತಲ್ಲ.
ನಿಮ್ಮ ಹುಳ ತಿನ್ನೋ ಸದ್ದಿಗೆ ಅಷ್ಟು ಕಣ್ಣು ಕೂರುತ್ತೆ.
ಒಂದೂವರೆಗೆ ಯಾವನೋ ಸಿಮೆಂಟು ಸಿಮೆಂಟು ಅಂತ ಅರಚ್ತಾನೆ,
ಎದ್ದು ಕೂತ್ಕೋತಾಳೆ."
ಬೈಯಲಿಲ್ಲ.
ಕಿಲೋಗೆ ಎರಡು ರೂಪಾಯಿ ಕಮ್ಮಿಗೇ ನಿಂತ, ಅಷ್ಟೆ.

ಹಗಲು ಗೂಡು ಬೇಯಿಸಿ ರಾತ್ರಿ
ಅದೇ ಹುಳದ ಊಟ ಕೇಳುತ್ತಾ ಮಲಗುವವಳು.
ಹೆಸರು ಕೇಳಲಿಲ್ಲ. ಬಸ್ಸು ಜಂಗಮಕೋಟೆ ದಾಟಿದ ಮೇಲೆ
ಕೇಳಬೇಕಿತ್ತು ಅನ್ನಿಸಿತು.

ಹದಿನೆಂಟನ್ನೂ ಕಿತ್ತೆ.
ಆ ತಿಂಗಳು ಎರಡು ಸಾವಿರದ ಚಿಲ್ಲರೆ ಬರುತ್ತಿದ್ದದ್ದು
ಸೊನ್ನೆಗೆ ಬಂತು. ಹುಳುಮನೆಯ ಕರೆಂಟು ಬಿಲ್ಲು
ಸೊನ್ನೆಗೆ ಬರಲಿಲ್ಲ.
ಗಂಡ ಬ್ಯಾಟಪ್ಪ ಏನೂ ಅನ್ನಲಿಲ್ಲ,
ಬಿಲ್ಲನ್ನು ಕನ್ನಡಿಯ ಸಂದಿಗೆ ಸಿಕ್ಕಿಸಿದ,
ತಲೆ ಬಾಚುವಾಗ ನನಗೆ ಕಾಣುವ ಹಾಗೆ.

ಶುರುವಿಗೊಂದು ಇಟ್ಟೆ. ಎಚ್ಚರ ಇರುವವರು,
ಬೈದುಕೊಂಡಾದರೂ ಕಾಯುತ್ತಾರೆ.
ಇನ್ನೊಂದು ಬೇಕಿತ್ತು. ಎಲ್ಲಿ?
ಜ್ವರಕ್ಕೆ ಕೂತ ಹುಳಕ್ಕೆ ಅತ್ತೆಯದೊಂದು ಕಾನೂನು:
ನೂರರಲ್ಲಿ ಐದು ಇನ್ನೂ ತಲೆಯೆತ್ತಿ ನಿದ್ದೆಯಲ್ಲಿದ್ದರೆ
ಸೊಪ್ಪಿಗೆ ಕೈ ಹಾಕಬೇಡ,
ಎದ್ದ ತೊಂಬತ್ತೈದು ಹಸಿದುಕೊಂಡಿರಲಿ.
ಆ ಕಾನೂನು ಹಿಡಿದರೆ
ಮೂರು ಗಂಟೆಯಲ್ಲಿ ಒಂದು ಸೆಕೆಂಡೂ ನನ್ನದಲ್ಲ.

ಪೂರ್ತಿ ಕೇಳಿದೆ, ಕಿವಿಗೆ ವೈರು ಸಿಕ್ಕಿಸಿಕೊಂಡು.
ಮಳೆ, ಮಳೆ, ಬರೀ ಮಳೆ.
ನಲವತ್ತೊಂದನೇ ನಿಮಿಷದಲ್ಲಿ ಒಂದು ಕೆಮ್ಮು.
ನನ್ನದೇ. ಬಾಗಿಲ ಹತ್ತಿರ ನಿಂತಿದ್ದೆ ಅನ್ನಿಸುತ್ತೆ.
ಹೇಗೂ ಒಡೆದ ಜಾಗ.
ಚುಕ್ಕೆಯನ್ನು ಅಲ್ಲಿಟ್ಟೆ.

ಸರಿಯೋ ತಪ್ಪೋ, ಕರೆಂಟು ಬಿಲ್ಲಿನ ಮುಕ್ಕಾಲು ಬರುತ್ತೆ.
ಅತ್ತೆ ಈಗ ಆ ವಿಡಿಯೋ ಕೇಳುವುದಿಲ್ಲ,
ಚಾಪೆಯನ್ನೇ ಹುಳುಮನೆಯ ಬಾಗಿಲಿಗೆ ತಂದುಕೊಂಡಿದ್ದಾಳೆ.
ಹತ್ತೂವರೆಗೆ ಸೊಪ್ಪು ಹಾಕಿ, ಲೈಟು ಆರಿಸಿ,
ಹೋಗದೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ.
ಕೆಮ್ಮು ಬಂದರೆ ಸೆರಗು ಬಾಯಿಗೊತ್ತಿ
ಅಂಗಳ ದಾಟಿ ರಸ್ತೆಗೆ ಹೋಗಿ ಕೆಮ್ಮುತ್ತೇನೆ.
ಹನ್ನೊಂದು ದಾಟಿ ಹತ್ತು, ಹನ್ನೊಂದು...
ಶಿಡ್ಲಘಟ್ಟದಲ್ಲಿ ಒಬ್ಬಳು ಈಗ
ಎದ್ದು ಕೂತಿರಬಹುದು. ಇಲ್ಲದೆಯೂ ಇರಬಹುದು.
ಒಳಗೆ ಹುಳ ತಿನ್ನುತ್ತಿವೆ.