ಎಡಗಡೆಯ ಬೆಳಕು

ಈ ಊರಿನ ಹೆಸರು ಅಲ್ ಐನ್.
ಹಾಗಂದರೆ ಕಣ್ಣು, ನೀರಿನ ಊಟೆ ಅಂತಲೂ ಹೌದು,
ಅಂದಿದ್ದ ಟ್ಯಾಕ್ಸಿಯ ಪಠಾಣ, ಬಂದಿಳಿದ ದಿನ.
ಎರಡರಲ್ಲೂ ಬರುವುದು ನೀರೇ ತಾನೆ, ಅಂದೆ.
ನಕ್ಕ. ಮೀಟರು ಓಡುತ್ತಿತ್ತು.

ಈಗ ನಾಲ್ಕನೆಯ ಬೇಸಗೆ.
ರಾತ್ರಿ ಪಾಳಿ, ಕಿಟಕಿಯಿಲ್ಲದ ಕೋಣೆ.
ಹೊರಗೆ ಖರ್ಜೂರ ಹಣ್ಣಾಗುವ ಕಾವು,
ಒಳಗೆ ಇಪ್ಪತ್ತೆರಡು ಡಿಗ್ರಿ: ಇಲಿಗೆ ಹಿತ, ನನಗೆ ಸ್ವೆಟರು.
ಕೆಂಪು ದೀಪ ಒಂದೇ. ಕೆಂಪು ಇಲಿಗೆ ಕಾಣುವುದಿಲ್ಲವಂತೆ.

ಬಿಳಿ ಪೆಟ್ಟಿಗೆಯಲ್ಲಿ ಇಪ್ಪತ್ತಮೂರನೆಯದು.
ನೆತ್ತಿಯಲ್ಲಿ ಸಾಸಿವೆಯಷ್ಟು ಪಿಂಗಾಣಿ,
ಅಲ್ಲಿಂದ ಮೇಲಕ್ಕೆ ಗಾಜಿನ ಎಳೆ,
ಎಳೆ ಹುರಿಗೊಳ್ಳದಂತೆ ಚಾವಣಿಯಲ್ಲೊಂದು ತಿರುಗಣಿ.
ಎಡಕ್ಕೆ ಹೋದರೆ ನೀಲಿ ಬೆಳಕು. ಬಲಕ್ಕೆ ಏನೂ ಇಲ್ಲ.
ಸೆಕೆಂಡಿಗೆ ಇಪ್ಪತ್ತು ಮಿಣುಕು,
ಕಣ್ಣಿಗಲ್ಲ, ಕಣ್ಣಿನ ಹಿಂದೆ ಎಲ್ಲೋ ಆಳದಲ್ಲಿ
ಬೇಕು ಅನ್ನುವುದು ಹುಟ್ಟುವ ಜಾಗಕ್ಕೆ.

ನಾನು ಹಿಂದೆ ಮಾಡುತ್ತಿದ್ದುದೂ ಇದೇ,
ಗದಗಿನ ನಾಟಕ ಕಂಪನಿಯಲ್ಲಿ, ಡಿಮ್ಮರಿನ ಮುಂದೆ.
ಮಾಬೂಸಾಬ ಮಾಸ್ತರ ಕಿವಿ ಹಿಂಡಿ ಕಲಿಸಿದ್ದು:
"ಪಾತ್ರ ಕಾಲಿಟ್ಟ ಮ್ಯಾಲೆ ಬಂದ್ರ
ಅದು ಬೆಳಕಲ್ಲಲೇ ಮಗನ, ಪಂಚನಾಮೆ.
ಮೊದಲ ಬಂದಿರಬೇಕು.
ಬಂದದ್ದು ಗೊತ್ತಾಗಬಾರದು."

ಪ್ರೋಗ್ರಾಮಿಗೆ ಮಾಸ್ತರ ಇರಲಿಲ್ಲ.
ಕ್ಯಾಮೆರಾ ಚಿತ್ರ ಹಿಡಿಯಬೇಕು,
ಚಿತ್ರದಲ್ಲಿ ಇಲಿಯೆಂಬ ಕಪ್ಪು ಕಲೆ ಹುಡುಕಬೇಕು,
ಕಲೆಯ ನಡು ಗೆರೆ ದಾಟಿತೇ ಅಂತ ಕೇಳಬೇಕು,
ಆಮೇಲೆ ತಂತಿಯಲ್ಲಿ ಐದು ವೋಲ್ಟು ಹೋಗಿ
ಲೇಸರನ್ನು ಎಬ್ಬಿಸಬೇಕು.
ಅಷ್ಟರಲ್ಲಿ ಇಲಿ ಮೂತಿ ತಿರುಗಿಸಿ ಬಲಕ್ಕೆ.
ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು.

ರಂಜಾನಿನ ರಾತ್ರಿಗಳೆಲ್ಲ ಅದಕ್ಕೇ ಹೋದವು.
ಡಾಕ್ಟರ್ ಶಮ್ಸಾ ಸಹರಿಯ ಡಬ್ಬಿಯಿಂದ
ಅರ್ಧ ಹರೀಸು ನನಗೆ ಬಡಿಸಿ "ತಿನ್ನು, ಎಣಿಸು" ಅನ್ನುವರು.
ತೊಂಬತ್ತು ಮಿಲಿಸೆಕೆಂಡು ಅರವತ್ತಾಯಿತು,
ಹೊಸ ಕ್ಯಾಮೆರಾ ಬಂದು ಮೂವತ್ತಾಯಿತು,
ಹನ್ನೆರಡಕ್ಕೆ ಇಳಿದ ರಾತ್ರಿ ಖುಷಿ ತಡೆಯದೆ ಮನೆಗೆ ಫೋನು ಮಾಡಿದೆ.
ಹೆಂಡತಿ ಕೇಳಿದಳು:
"ಪಗಾರದಾಗ ಹನ್ನೆರಡು ಸಾವಿರ ಹೆಚ್ಚಾತೇನು?"

ನಿನ್ನೆ
ಇಪ್ಪತ್ತಮೂರು ಎಡಕ್ಕೆ ಹೋದದ್ದು ಅರವತ್ತೊಂದು ಸಲ.
ಕಡತದಲ್ಲಿ ಅರವತ್ತೊಂದು ಸಾಲು: ಲೇಸರ್ ಆನ್.
ಪಾಳಿ ಮುಗಿಸಿ, ತಿಲಕ್ ಬಹಾದ್ದೂರನ ಜೊತೆ ಕರಕ್ ಚಹಾ.
ಚಿಲ್ಲರೆಗೆಂದು ಜೇಬಿಗೆ ಕೈಹಾಕಿದರೆ
ದಿರ್ಹಮುಗಳ ನಡುವೆ ತಣ್ಣಗೆ
ಲೇಸರಿನ ಬೀಗದ ಕೈ.

ಅದನ್ನು ತಿರುಗಿಸದೆ ಒಂದು ಕಿಡಿಯೂ ಹೊರಡದು.
ಪ್ರೋಗ್ರಾಮು ಸುಳ್ಳಾಡಿರಲಿಲ್ಲ. ಕೂಗಿತ್ತು.
ಕೂಗಿದ್ದನ್ನು ಬರೆದಿಟ್ಟಿತ್ತು.
ಆ ಕಡೆ ಓ ಅನ್ನುವವರು ಇರಲಿಲ್ಲ, ಅಷ್ಟೆ.

ತಿರುಗಿ ಬಂದು ವಿಡಿಯೋ ನೋಡಿದೆ.
ಮೊದಮೊದಲು ಓಡಿ ಹೋಗಿ ಓಡಿ ಬರುತ್ತದೆ.
ಆಮೇಲೆ ಎಡ ಮೂಲೆಯಲ್ಲಿ ನಿಲ್ಲುತ್ತದೆ,
ಹಿಂಗಾಲ ಮೇಲೆ ಎದ್ದು ಗೋಡೆ ಮೂಸುತ್ತದೆ, ನಿಲ್ಲುತ್ತದೆ.
ನರಗುಂದದ ಕ್ಯಾಂಪಿನಲ್ಲಿ ಕರೆಂಟು ಹೋದ ರಾತ್ರಿ
ಸುಶೀಲವ್ವ ಹೀಗೇ ಕತ್ತಲಲ್ಲಿ ನಡೆದು ಬಂದು
ಬೆಳಕು ಬೀಳಬೇಕಿದ್ದ ಹಲಗೆಯ ಮೇಲೇ ನಿಂತಿದ್ದಳು,
ಒಂದು ಗೇಣೂ ತಪ್ಪದೆ.
ಜನ ಸೀಟಿ ಹೊಡೆಯುತ್ತಿದ್ದರು.
ನಾನು ಫ್ಯೂಸಿನ ಡಬ್ಬಿಯ ಮುಂದೆ ಕೂತು ಬೆವರುತ್ತಿದ್ದೆ.

ಬೆಳಿಗ್ಗೆ ಶಮ್ಸಾ ಅವರ ಮೇಜಿನ ಮೇಲೆ ಬೀಗದ ಕೈ ಇಟ್ಟೆ.
ಬೈಗುಳಕ್ಕೆ ಅಂತ ತಲೆ ತಗ್ಗಿಸಿ ನಿಂತಿದ್ದೆ.
ಅವರು ವಿಡಿಯೋ ಮೂರು ಸಲ ನೋಡಿದರು.
"ಅಳಿಸಬೇಡ. ಬೇರೆ ಹೆಸರು ಕೊಟ್ಟು ಇಡು."
ಆಮೇಲೆ, ಬಾಗಿಲ ಹತ್ತಿರ ನಿಂತು,
"ಕೈಗೆ ಒಂದು ದಾರ ಕಟ್ಟಿಕೋ."

ಈ ರಾತ್ರಿ ದಾರ ಕೊರಳಲ್ಲಿದೆ, ಕೈ ಲೇಸರಿನಲ್ಲಿದೆ.
ಇಲಿ ಬಿಡುವ ಮುಂಚೆ ಕಾಗದ ಹಿಡಿದು
ನೀಲಿ ಚುಕ್ಕೆ ನೋಡಿದೆ, ಮತ್ತೊಮ್ಮೆ ನೋಡಿದೆ.
ಇಪ್ಪತ್ತಮೂರು ಗೆರೆಯ ಮೇಲೆಯೇ ಕೂತು
ಮೀಸೆ ತೀಡಿಕೊಳ್ಳುತ್ತಿದೆ.
ಅತ್ತಲೂ ಇಲ್ಲ, ಇತ್ತಲೂ ಇಲ್ಲ.
ಪ್ರೋಗ್ರಾಮು ಕೇಳುತ್ತಲೇ ಇದೆ.